ವಿನಯವೋ, ಜಿಪುಣತನವೋ?



ಒಂದು ಮನೆಗೆ ನಿಮ್ಮನ್ನು ಕರೆದಿದ್ದಾರೆಂದು ಎಣಿಸಿಕೊಳ್ಳಿ. ಚಳಿಗಾಲದ ರಾತ್ರಿ. ಬೆಂಕಿಯ ಸುತ್ತ ಹದಿನೈದಿಪ್ಪತ್ತು ಜನ ಕುಳಿತಿದ್ದಾರೆ. ಹಿರಿಯರೊಬ್ಬರು ಕಥೆ ಹೇಳಿ ಮುಗಿಸಿದ್ದಾರೆ. ಒಬ್ಬ ಹುಡುಗಿ ಹಾಡಿದ್ದಾಳೆ. ನೆರೆಮನೆಯವನು ಪಿಟೀಲು ನುಡಿಸಿದ್ದಾನೆ. ಆಮೇಲೆ ಮನೆಯ ಯಜಮಾನ ನಿಮ್ಮ ಕಡೆ ತಿರುಗಿ, "ಇನ್ನು ನಿಮ್ಮದೊಂದು ಆಗಲಿ" ಎನ್ನುತ್ತಾನೆ. ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ. ನೀವು ಏನು ಹೇಳುತ್ತೀರಿ?

ನಾನಾಗಿದ್ದರೆ, "ಅಯ್ಯೋ, ನನಗೆ ಹಾಡಲು ಬರುವುದಿಲ್ಲ, ಬಿಟ್ಟುಬಿಡಿ" ಎನ್ನುತ್ತಿದ್ದೆ. ನಿಮ್ಮಲ್ಲಿಯೂ ಬಹಳ ಮಂದಿ ಹಾಗೆಯೇ ಹೇಳುವವರೆಂದು ನನ್ನ ಊಹೆ. ಈ ಮಾತನ್ನು ನಾವು ವಿನಯವೆಂದು ತಿಳಿದಿದ್ದೇವೆ. ತಾನು ದೊಡ್ಡವನಲ್ಲ ಎಂದು ಒಪ್ಪಿಕೊಳ್ಳುವುದು ಒಳ್ಳೆಯ ಗುಣವಲ್ಲವೇ? ಆದರೆ ನಾನು ಹೇಳಹೊರಟಿರುವ ಮನೆಯಲ್ಲಿ ಈ ಉತ್ತರಕ್ಕೆ ಅಷ್ಟು ಸುಲಭವಾಗಿ ಮರ್ಯಾದೆ ಸಿಗುತ್ತಿರಲಿಲ್ಲ. ಅಲ್ಲಿ ಅದು ಊಟ ಮಾಡಿ ಎದ್ದು ಹೋದಂತೆ, ತಟ್ಟೆ ತೊಳೆಯದೆ ಬಿಟ್ಟಂತೆ ಕಾಣುತ್ತಿತ್ತು.

ಆ ಮನೆ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿದೆ. ಅಲ್ಲಿ ಹೆಬ್ರಿಡೀಸ್ ಎಂಬ ದ್ವೀಪಗಳ ಸಾಲಿದೆ. ನಮಗೆ ಬಹು ದೂರದ ಜಾಗ, ಆದರೂ ಸಂಬಂಧವೇ ಇಲ್ಲದ ಜಾಗವಲ್ಲ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಸರ್ವೆ ಮಾಡಿದವರು, ನಮ್ಮ ಹಳ್ಳಿಹಳ್ಳಿಗಳ ಹಿರಿಯರ ಬಾಯಿಂದ ಕೈಫಿಯತ್ತುಗಳನ್ನು ಬರೆಸಿ ಇಡಿಸಿದವರು ಕರ್ನಲ್ ಕಾಲಿನ್ ಮೆಕೆಂಜಿ. ಅವರು ಹುಟ್ಟಿದ್ದು ಇದೇ ದ್ವೀಪಗಳಲ್ಲೊಂದಾದ ಲೂಯಿಸ್‌ನ ಸ್ಟೋರ್ನೊವೆ ಎಂಬ ಊರಿನಲ್ಲಿ. ಊರಿನವರ ಬಾಯಲ್ಲಿರುವ ಮಾತಿಗೆ ಬೆಲೆ ಇದೆ ಎಂಬ ಬುದ್ಧಿ ಅವರಿಗೆ ಹುಟ್ಟಿದ ಮಣ್ಣಿನಿಂದಲೇ ಬಂದಿತೋ ಏನೋ, ಯಾರು ಹೇಳಬಲ್ಲರು!

ಆ ದ್ವೀಪಗಳ ಗೇಲಿಕ್ ಭಾಷೆಯಲ್ಲಿ 'ಕೇಲಿ' ಎಂಬ ಪದವಿದೆ. ಇಂದು ಕೇಲಿ ಎಂದರೆ ಜನ ಸಂಗೀತದ ಸಂಜೆ, ಕುಣಿತದ ಸಂಜೆ ಎಂದು ತಿಳಿಯುತ್ತಾರೆ. ಮೂಲದಲ್ಲಿ ಅದರ ಅರ್ಥ ಭೇಟಿ ಎಂದಷ್ಟೆ. ಅಕ್ಕಪಕ್ಕದವರ ಮನೆಗೆ ಹೋಗಿ ಕುಳಿತು ಬರುವುದು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆ, ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ. ಮರುದಿನ ಬೆಳಕಾಗುವುದು ಒಂಬತ್ತಕ್ಕೆ. ಹೊರಗೆ ಕಡಲ ಗಾಳಿ, ಮಳೆ. ಅಷ್ಟುದ್ದದ ಕತ್ತಲೆಯಲ್ಲಿ ಒಂಟಿಯಾಗಿ ಕುಳಿತು ಮಾಡುವುದೇನು? ಊರಿನಲ್ಲಿ ಒಂದು ಮನೆ ಇದಕ್ಕೆಂದೇ ಹೆಸರಾಗಿರುತ್ತಿತ್ತು. ಅಲ್ಲಿಗೆ ಎಲ್ಲರೂ ಬರುತ್ತಿದ್ದರು.

ಅಬಕಾರಿ ಅಧಿಕಾರಿಯಾಗಿ ಈ ದ್ವೀಪಗಳನ್ನೆಲ್ಲ ಸುತ್ತಿದ ಅಲೆಕ್ಸಾಂಡರ್ ಕಾರ್ಮೈಕಲ್ ಎಂಬವರು ಇಂಥ ಮನೆಯೊಂದರ ಚಿತ್ರವನ್ನು ಬರೆದಿಟ್ಟಿದ್ದಾರೆ. ಜನರ ಬಾಯಲ್ಲಿದ್ದ ಪ್ರಾರ್ಥನೆಗಳನ್ನೂ ಹಾಡುಗಳನ್ನೂ ಅವರು ಬಹಳ ವರ್ಷ ಸಂಗ್ರಹಿಸಿ, 'ಕಾರ್ಮಿನಾ ಗೆಡೆಲಿಕಾ' ಎಂಬ ಗ್ರಂಥವಾಗಿ 1900ರಲ್ಲಿ ಪ್ರಕಟಿಸಿದರು. ಆ ಚಿತ್ರದಲ್ಲಿ ಮನೆ ತುಂಬ ಜನ. ಉರಿಯುತ್ತಿರುವುದು ಪೀಟ್, ಅಂದರೆ ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ. ಯಜಮಾನ ಹಗ್ಗ ಹೊಸೆಯುತ್ತಿದ್ದಾನೆ. ಮನೆಯಾಕೆ ರಾಟೆಯಲ್ಲಿ ನೂಲುತ್ತಿದ್ದಾಳೆ. ಹೆಣ್ಣುಮಕ್ಕಳು ಉಣ್ಣೆ ಹಿಂಜುತ್ತಿದ್ದಾರೆ. ಕೈ ಕೆಲಸ ಬಿಟ್ಟಿಲ್ಲ, ಬಾಯಿ ಮಾತು ಬಿಟ್ಟಿಲ್ಲ. ಮೊದಲು ಊರಿನ ಸುದ್ದಿ, ದನಕರುಗಳ ಸುದ್ದಿ. ಆಮೇಲೆ ಕಥೆ, ಹಾಡು.

ಅಲ್ಲಿ ಒಂದು ಗಾದೆಯೂ ಇತ್ತು. ಮೊದಲ ಕಥೆ ಮನೆಯ ಯಜಮಾನನದು, ಬೆಳಗಾಗುವವರೆಗಿನ ಕಥೆ ಬಂದ ಅತಿಥಿಯದು ಎಂದು ಅದರ ಅರ್ಥ. ಗಮನಿಸಿದಿರಾ? ಅತಿಥಿಯನ್ನು ಕೂರಿಸಿ, ಉಪಚಾರ ಮಾಡಿ, ಅವನ ಮುಂದೆ ನಮ್ಮ ಮನೆಯ ಪ್ರತಿಭೆಗಳನ್ನೆಲ್ಲ ಪ್ರದರ್ಶಿಸುವುದು ನಮಗೆ ಗೊತ್ತಿರುವ ಕ್ರಮ. ಅಲ್ಲಿ ಬಂದವನ ಮೇಲೆಯೇ ಹೆಚ್ಚು ಹೊಣೆ.

ಎಲ್ಲರೂ ಹಾಡುತ್ತಿದ್ದರೆ ಎಂದು ನೀವು ಕೇಳಬಹುದು. ಇಲ್ಲ. ಹಾಡದವರು ಕಥೆ ಹೇಳುತ್ತಿದ್ದರು. ಕಥೆ ಬಾರದವರು ಒಗಟು ಹೇಳುತ್ತಿದ್ದರು. ಅದೂ ಇಲ್ಲದವರು ಯಾರ ಅಜ್ಜ ಯಾರಿಗೆ ಏನಾಗಬೇಕು ಎಂದು ವಂಶಾವಳಿ ಬಿಡಿಸುತ್ತಿದ್ದರು. ಸುಮ್ಮನೆ ಕುಳಿತವರೂ ಪಲ್ಲವಿಗೆ ದನಿಗೂಡಿಸುತ್ತಿದ್ದರು. ಅಂದರೆ ಒಳ್ಳೆಯ ಕಂಠ ಇರಲೇಬೇಕೆಂದಿರಲಿಲ್ಲ. ಬರಿಗೈಯಲ್ಲಿ ಕೂರಬಾರದು, ಅಷ್ಟೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. "ನನಗೆ ಬರುವುದಿಲ್ಲ" ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿ ನಿಜವಾಗಿ ಏನಿರುತ್ತದೆ? ಸ್ವಲ್ಪ ಪ್ರಾಮಾಣಿಕವಾಗಿ ನೋಡಿಕೊಂಡೆ. ನನ್ನ ದನಿ ಒಡೆದರೆ ಜನ ನಕ್ಕಾರು ಎಂಬ ಭಯ. ಆ ಹುಡುಗಿಗಿಂತ ಕಡಿಮೆಯವನಾಗಿ ಕಾಣುತ್ತೇನಲ್ಲ ಎಂಬ ಸಂಕಟ. ನನ್ನ ಹೆಸರನ್ನು ಕಾಪಾಡಿಕೊಳ್ಳುವ ಈ ಎಚ್ಚರಕ್ಕೆ ವಿನಯ ಎಂಬ ಹೆಸರು ಕೊಟ್ಟವರು ಯಾರು? ಇತರರೆಲ್ಲ ತಮ್ಮ ಬಳಿ ಇದ್ದುದನ್ನು ಕೊಟ್ಟರು. ನಾನು ಅವರದನ್ನೆಲ್ಲ ತೆಗೆದುಕೊಂಡು, ನನ್ನದನ್ನು ಬಚ್ಚಿಟ್ಟುಕೊಂಡೆ. ಜಿಪುಣ ಮಾಡುವುದೂ ಇದನ್ನೇ.

ಆದರೆ ಇನ್ನೊಂದು ಮಗ್ಗುಲೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಬೇಸುರಿನ ಹಾಡನ್ನು ಹತ್ತು ಜನರ ಕಿವಿಗೆ ಸುರಿಯುವುದೂ ಒಂದು ರೀತಿಯ ಹಿಂಸೆಯೇ. ತನಗೆ ಬಾರದೆಂದು ತಿಳಿಯದೆ ಗಂಟೆಗಟ್ಟಲೆ ಹಾಡುವವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಚೆನ್ನಾದುದನ್ನು ಬಯಸುವುದು ಪಾಪವೇ? ಉತ್ತಮ ಗಾಯಕರ ಹಾಡು ಇಂದು ಕೈಯಲ್ಲಿನ ಫೋನಿನಲ್ಲೇ ಸಿಗುವಾಗ ನೆರೆಮನೆಯವನ ಹಾಡು ಏಕೆ ಬೇಕು?

ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಒಬ್ಬ ಹೆಣ್ಣುಮಗಳ ಜೀವನ ನೆನಪಿಗೆ ಬರುತ್ತದೆ. ಮಾರ್ಗರೆಟ್ ಫೇ ಷಾ ಎಂಬವರು ಅಮೆರಿಕದಲ್ಲಿ 1903ರಲ್ಲಿ ಹುಟ್ಟಿದರು. ಹುಡುಗಿಯಾಗಿದ್ದಾಗ ಸ್ಕಾಟ್ಲೆಂಡಿನ ಹೆಲೆನ್ಸ್‌ಬರೋ ಎಂಬಲ್ಲಿ ಶಾಲೆಗೆ ಹೋಗಿದ್ದರು. ಅಲ್ಲಿಗೆ ಮಾರ್ಜರಿ ಕೆನೆಡಿ ಫ್ರೇಸರ್ ಎಂಬ ಪ್ರಸಿದ್ಧ ಗಾಯಕಿ ಬಂದು ಹೆಬ್ರಿಡೀಸಿನ ಹಾಡುಗಳನ್ನು ಹಾಡಿದರು. ವೇದಿಕೆಗೆ ಒಪ್ಪುವಂತೆ ತಿದ್ದಿ, ವಾದ್ಯದ ಜೊತೆಗೂಡಿಸಿ ನಯಗೊಳಿಸಿದ ಹಾಡುಗಳು ಅವು. ಹುಡುಗಿಗೆ ಹಾಡು ಹಿಡಿಸಿತು, ಆದರೆ ಇದರ ಹಿಂದೆ ಬೇರೆಯದೇನೋ ಇರಬೇಕೆಂದು ಅನ್ನಿಸಿತು. 1929ರಲ್ಲಿ ಅವರು ಸೌತ್ ಯೂಯಿಸ್ಟ್ ದ್ವೀಪಕ್ಕೆ ಹೋಗಿ, ಪೆಗ್ಗಿ ಮತ್ತು ಮಾರಿ ಮೆಕ್ರೇ ಎಂಬ ಅಕ್ಕತಂಗಿಯರ ಪುಟ್ಟ ಮನೆಯಲ್ಲಿ ನೆಲೆಸಿದರು. ನಾಲ್ಕು ದಿನ ಇದ್ದು ಬರೆದುಕೊಂಡು ಹೋಗಲಿಲ್ಲ. ಆರು ವರ್ಷ ಇದ್ದರು! ಹೊಲ, ಹಸು, ಒಲೆ ಎಂದು ಅಕ್ಕತಂಗಿಯರ ದಿನ ಸಾಗುತ್ತಿದ್ದಂತೆ ಆ ಕೆಲಸದ ನಡುವೆ ಬಂದ ಹಾಡುಗಳನ್ನು ಸಾಲುಸಾಲಾಗಿ ಕೇಳಿ ಕಲಿತು ಬರೆದುಕೊಂಡರು. ಅವರ ಗ್ರಂಥ ಹೊರಬಂದದ್ದು 1955ರಲ್ಲಿ. 2004ರಲ್ಲಿ, ತಮ್ಮ 101ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಯಗೊಳಿಸಿದ ಹಾಡು ಕೈಗೆ ಸುಲಭವಾಗಿ ಸಿಗುತ್ತಿದ್ದಾಗ ಅವರು ಅಷ್ಟು ದೂರ ಹೋದದ್ದು ಏಕೆ? ಮಾರಿಯವರ ದನಿ ವೇದಿಕೆಯ ಗಾಯಕಿಯ ದನಿಗಿಂತ ಇಂಪಾಗಿತ್ತೆಂದು ವಾದಿಸಲು ನಾನು ಹೊರಟಿಲ್ಲ. ಆ ಮನೆಯಲ್ಲಿ ಹಾಡು ಯಾರನ್ನೋ ಮೆಚ್ಚಿಸಲು ಹುಟ್ಟಿರಲಿಲ್ಲ. ಹಾಲು ಕರೆಯುವಾಗ ಒಂದು ಹಾಡು, ಮಗು ಮಲಗಿಸುವಾಗ ಒಂದು, ದೋಣಿ ಮುಳುಗಿ ಸತ್ತವರನ್ನು ನೆನೆದು ಒಂದು. ಕೆಲಸಕ್ಕೆ ಜೊತೆಗಾರನಂತೆ ಹಾಡು ಇರುತ್ತಿತ್ತು.

ನೇಯ್ದ ಉಣ್ಣೆ ಬಟ್ಟೆಯನ್ನು ದಪ್ಪಗೊಳಿಸಲು ಹೆಂಗಸರು ಉದ್ದನೆಯ ಹಲಗೆಯ ಎರಡೂ ಬದಿ ಕುಳಿತು, ಒದ್ದೆ ಬಟ್ಟೆಯನ್ನು ಬಡಿಯುತ್ತ ಕೈಯಿಂದ ಕೈಗೆ ಸಾಗಿಸುತ್ತಿದ್ದರು. ಒಬ್ಬಾಕೆ ಸಾಲು ಹಾಡಿದರೆ ಉಳಿದವರೆಲ್ಲ ಪಲ್ಲವಿ. ಬಡಿತ ತಪ್ಪಿದರೆ ಬಟ್ಟೆ ಕೆಡುತ್ತದೆ. ಆದ್ದರಿಂದ ಅಲ್ಲಿ ಕೇಳುಗರೇ ಇಲ್ಲ, ಎಲ್ಲರೂ ಹಾಡುವವರೇ. ಒಮ್ಮೆ ಹಾಡಿದ ಹಾಡನ್ನು ಅದೇ ಬಟ್ಟೆಗೆ ಮತ್ತೆ ಹಾಡಬಾರದು, ಅಪಶಕುನ ಎಂಬ ನಂಬಿಕೆಯೂ ಇತ್ತಂತೆ. ಹಾಗಾದರೆ ಎಷ್ಟು ಹಾಡು ಗೊತ್ತಿರಬೇಕು, ಲೆಕ್ಕ ಹಾಕಿ! ಇನ್ನು ವಾದ್ಯವೇ ಇಲ್ಲದ ಮನೆಯಲ್ಲಿ ಒಬ್ಬರು ಬಾಯಲ್ಲೇ ಪದಗಳನ್ನು ಓಡಿಸಿ ತಾಳ ಕಟ್ಟಿ, ಇಡೀ ಮನೆಯನ್ನು ಕುಣಿಸುತ್ತಿದ್ದರು. ಈ ಬಾಯಿ ಸಂಗೀತ ಇಂದೂ ಉಳಿದಿದೆ.

ಹಾಡುವವನಿಗೆ ಹೊಣೆ ಇದ್ದಂತೆ ಕೇಳುವವರಿಗೂ ಒಂದು ಹೊಣೆ ಇತ್ತು. ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಒಂದೇ ಮಾತಿಗೆ ಎರಡು ಅರ್ಥ: ಕಿವಿಗೊಡುವುದು, ಬೇಡುವುದು. ಗೇಲಿಕ್ ಜನರ ಕೇಲಿಯಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತಿದ್ದವು ಎಂದು ನನಗೆ ತೋರುತ್ತದೆ. ಮೊದಲು ಒಬ್ಬನನ್ನು ಹೆಸರು ಹಿಡಿದು ಕೇಳಿಕೊಳ್ಳಬೇಕು. ಅವನು ಹಾಡಿದ ಮೇಲೆ ನಗದೆ, ಎದ್ದು ಹೋಗದೆ, ಕೊನೆಯವರೆಗೆ ಕೇಳಬೇಕು. ಮೊದಲನೆಯದು ಸುಲಭ. ಎರಡನೆಯದು ಕಷ್ಟದ ಪುಣ್ಯ.

ಇಷ್ಟು ಹೇಳಿದ ಮೇಲೆ ಒಂದು ನೋವಿನ ಕಥೆಯನ್ನೂ ಹೇಳಲೇಬೇಕು. ಇದನ್ನೂ ಕಾರ್ಮೈಕಲ್ ಅವರೇ ಬರೆದಿದ್ದಾರೆ. ಎಗ್ ಎಂಬ ಚಿಕ್ಕ ದ್ವೀಪದಲ್ಲಿ ಒಬ್ಬ ಪಿಟೀಲುಗಾರನಿದ್ದ. ಹಳೆಯ ಮಟ್ಟುಗಳನ್ನು ಹಳೆಯ ರೀತಿಯಲ್ಲೇ ನುಡಿಸುವುದರಲ್ಲಿ ಹೆಸರುವಾಸಿ. ಒಬ್ಬ ಬೋಧಕ ಎಲ್ಲರೆದುರು ಅವನನ್ನು ಖಂಡಿಸಿದ. ಪಿಟೀಲು ಬಿಟ್ಟುಬಿಡೆಂದ. ಮುದುಕ ಪಿಟೀಲನ್ನು ಮಾರಿದ. ಸಿಕ್ಕಿದ್ದು ಅಲ್ಪ ಹಣ. ಹಣಕ್ಕಾಗಿ ಅವನು ಅಳಲಿಲ್ಲ. ಹರೆಯದಲ್ಲಿ ತಂದೆಯ ಕೊಟ್ಟಿಗೆಯ ಅತ್ಯುತ್ತಮ ಹಸುವನ್ನು ಕೊಟ್ಟು ತಂದ ಪಿಟೀಲು ಅದು. ಆಮೇಲೆ ಅವನು ನಕ್ಕದ್ದನ್ನು ಯಾರೂ ಕಾಣಲಿಲ್ಲವಂತೆ. ಅವನು ಸತ್ತಾಗ ಅವನ ಮಟ್ಟುಗಳೂ ಅವನೊಡನೆ ಹೋದವು.

19ನೆಯ ಶತಮಾನದಲ್ಲಿ ಅಲ್ಲಿನ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಭಕ್ತಿಯ ಹೊಸ ಕಾವು ಎದ್ದಾಗ ಇಂಥದು ಹಲವು ಕಡೆ ನಡೆಯಿತು. ಕಥೋಲಿಕರೇ ಹೆಚ್ಚಾಗಿದ್ದ ಸೌತ್ ಯೂಯಿಸ್ಟ್, ಎರಿಸ್ಕೆ, ಬಾರಾ ದ್ವೀಪಗಳಲ್ಲಿ ಹಾಡು ಕುಣಿತ ಹೆಚ್ಚು ಉಳಿದುಕೊಂಡವು. ಎರಿಸ್ಕೆಯ ಧರ್ಮಗುರು ಅಲನ್ ಮೆಕ್‌ಡೊನಾಲ್ಡ್ ಸ್ವಾಮಿಗಳು ತಮ್ಮ ಜನರ ಹಾಡು, ಕಥೆ, ನಂಬಿಕೆಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ತುಂಬಿಟ್ಟರು. 1903ರಲ್ಲಿ ಆ ದ್ವೀಪದಲ್ಲಿ ಸಂತ ಮಿಕಾಯೇಲರ ದೇವಾಲಯ ಕಟ್ಟಿಸಿದವರೂ ಅವರೇ. 1905ರಲ್ಲಿ, ಇನ್ನೂ 45ರ ಪ್ರಾಯದಲ್ಲಿ ತೀರಿಕೊಂಡರು.

ಆದರೆ ಇದನ್ನು ಓದಿ, "ತಪ್ಪು ಅವರದು, ನಮ್ಮದಲ್ಲ" ಎಂದು ನಾವು ಸಮಾಧಾನಪಟ್ಟುಕೊಳ್ಳುವುದು ಬೇಡ. ಪಿಟೀಲನ್ನು ಬಾಯಿಮುಚ್ಚಿಸಿದ ಅದೇ ಸಭೆಗಳ ಗೇಲಿಕ್ ಕೀರ್ತನೆ ಗಾಯನವನ್ನು ಕೇಳಿದವರು ಮರೆಯಲಾರರು. ಅಲ್ಲಿ ವಾದ್ಯವಿಲ್ಲ. ಆಯ್ದ ಗಾಯಕವೃಂದವಿಲ್ಲ. ಮುಂದಾಳು ಒಂದು ಸಾಲು ಎತ್ತಿಕೊಡುತ್ತಾನೆ. ಇಡೀ ಸಭೆ ಅದನ್ನು ನಿಧಾನವಾಗಿ ಎತ್ತಿಕೊಳ್ಳುತ್ತದೆ. ಪ್ರತಿಯೊಬ್ಬರೂ ತಮ್ಮದೇ ಬಳುಕು ಸೇರಿಸಿ, ತಮ್ಮದೇ ಹೊತ್ತಿನಲ್ಲಿ ಹಾಡುತ್ತಾರೆ. ಕಡಲಿನ ಅಲೆ ಬಂದು ಹೋದಂತಿರುತ್ತದೆ. "ನನಗೆ ಬರುವುದಿಲ್ಲ" ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಒಲೆಯ ಬಳಿ ಯಾವುದನ್ನು ಕೆಡವಿದರೋ ಅದನ್ನೇ ಪೀಠದ ಬಳಿ ಉಳಿಸಿಕೊಂಡರು. ಮನುಷ್ಯರ ಲೆಕ್ಕಾಚಾರ ಹೀಗೆಯೇ.

ಇನ್ನು ಕರೆಸಿಕೊಳ್ಳದೆ ಹೊರಗೆ ಉಳಿದವರ ಮಾತು. ಸ್ಕಾಟ್ಲೆಂಡಿನಲ್ಲಿ ಅಲೆಮಾರಿ ಜನರಿದ್ದರು. ತಗಡಿನ ಪಾತ್ರೆ ಮಾಡಿ ಮಾರುತ್ತ, ಬೆಳೆ ಕೊಯ್ಲಿಗೆ ಕೂಲಿಗೆ ಬರುತ್ತ ಗುಡಾರಗಳಲ್ಲಿ ಬದುಕುತ್ತಿದ್ದವರು. ಊರವರು ಅವರನ್ನು ಸಂಶಯದಿಂದ ಕಾಣುತ್ತಿದ್ದರು, ಓಡಿಸುತ್ತಿದ್ದರು. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಅಧ್ಯಯನ ಶಾಲೆ ಆರಂಭವಾಯಿತು. ಆ ಶಾಲೆಯ ಹ್ಯಾಮಿಷ್ ಹೆಂಡರ್ಸನ್ ಧ್ವನಿಮುದ್ರಣ ಯಂತ್ರ ಹೊತ್ತು ಪರ್ತ್‌ಶೈರಿನ ಬ್ಲೇರ್‌ಗೌರಿಯ ಹಣ್ಣಿನ ತೋಟಗಳಿಗೆ ಹೋದರು. ರಾಸ್ಪ್‌ಬೆರಿ ಕೀಳಲು ಬಂದ ಅಲೆಮಾರಿಗಳ ಗುಡಾರಗಳ ಬೆಂಕಿಯ ಬಳಿ ಕುಳಿತು ಕೇಳಿದರು. ಪಂಡಿತರು ಸತ್ತೇ ಹೋದವೆಂದು ತಿಳಿದಿದ್ದ ಹಳೆಯ ಕಥನಗೀತೆಗಳು ಅಲ್ಲಿ ಬದುಕಿದ್ದವು. ಅಲೆಮಾರಿ ಕುಲದ ಜೀನಿ ರಾಬರ್ಟ್‌ಸನ್ ಅವರನ್ನು ಹೆಂಡರ್ಸನ್ ಅಬರ್ಡೀನಿನಲ್ಲಿ ಕಂಡದ್ದು 1953ರಲ್ಲಿ. 1968ರಲ್ಲಿ ಆಕೆಗೆ ರಾಣಿಯ ಪದವಿ ಗೌರವ ಸಿಕ್ಕಿತು. ಬ್ಲೇರ್‌ಗೌರಿಯ ಬೆಲ್ ಸ್ಟುವರ್ಟ್ ಅವರಿಗೂ 1981ರಲ್ಲಿ ಪದಕ ಬಂತು. ಪದಕ ಸರಿ. ಅಷ್ಟು ವರ್ಷ ಇವರು ಬೇಲಿಯಾಚೆ ಬೀಡುಬಿಟ್ಟಿದ್ದಾಗ, "ಒಳಗೆ ಬನ್ನಿ, ಒಂದು ಹಾಡು ಹೇಳಿ" ಎಂದು ಕರೆದವರು ಎಷ್ಟು ಮಂದಿ? ಕೊಡಲು ಒಪ್ಪದವನು ಜಿಪುಣನಾದರೆ, ಕೇಳಿಕೊಳ್ಳಲು ಒಪ್ಪದವನಿಗೆ ಏನೆನ್ನಬೇಕು?

ಕಾಲ ಬದಲಾಯಿತು. ಜನ ನಗರಕ್ಕೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋದರು. ಟೆಲಿವಿಷನ್ ಬಂತು. ಒಂದು ತಮಾಷೆ ನೋಡಿ: 1958ರಿಂದ 1968ರವರೆಗೆ ಬಿ.ಬಿ.ಸಿ.ಯಲ್ಲಿ 'ವೈಟ್ ಹೆದರ್ ಕ್ಲಬ್' ಎಂಬ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಸ್ಕಾಟಿಷ್ ಉಡುಪು ತೊಟ್ಟವರು ಹಾಡಿ ಕುಣಿಯುತ್ತಿದ್ದರು. ತಮ್ಮದೇ ಸಂಗೀತದ ಸಂಜೆಯನ್ನು ಜನ ಕುರ್ಚಿಯಲ್ಲಿ ಕುಳಿತು, ಬಾಯಿ ಮುಚ್ಚಿಕೊಂಡು ನೋಡಿದರು! ಹಾಡುಗಳೇನೋ ಉಳಿದವು. ಅಧ್ಯಯನ ಶಾಲೆಯ ಸಾವಿರಾರು ಮುದ್ರಿಕೆಗಳಲ್ಲಿ ಭದ್ರವಾಗಿವೆ. ಆದರೆ ಪೆಟ್ಟಿಗೆಯಲ್ಲಿ ಭದ್ರವಾಗಿರುವ ಹಾಡು "ಇನ್ನು ನಿಮ್ಮದೊಂದು ಆಗಲಿ" ಎಂದು ಯಾರನ್ನೂ ಕರೆಯಲಾರದು.

ಇದನ್ನು ಬಾರಾ ದ್ವೀಪದ ಕೆಲವು ತಂದೆತಾಯಿಗಳು ಅರ್ಥಮಾಡಿಕೊಂಡರು. ತಮ್ಮ ಮಕ್ಕಳಿಗೆ ತಮ್ಮದೇ ಹಾಡು ಬಾರದೆಂದು ಕಂಡು, 1981ರಲ್ಲಿ 'ಫೇಶ್' ಎಂಬ ಮಕ್ಕಳ ಹಬ್ಬ ಆರಂಭಿಸಿದರು. ಗೊತ್ತಿದ್ದವರು ಗೊತ್ತಿಲ್ಲದ ಮಕ್ಕಳಿಗೆ ಹಾಡು, ಪಿಟೀಲು, ಪೈಪು, ಕುಣಿತ ಕಲಿಸುವುದು. ಇಂದು ಸ್ಕಾಟ್ಲೆಂಡಿನಲ್ಲಿ ಇಂಥ ಹಬ್ಬಗಳು 40ಕ್ಕೂ ಹೆಚ್ಚು. ಅಲ್ಲಿ ಕಲಿತವರಲ್ಲಿ ಕೆಲವರು ದೊಡ್ಡ ಕಲಾವಿದರಾಗಿ ಜೀವನೋಪಾಯವನ್ನೂ ಕಂಡುಕೊಂಡಿದ್ದಾರೆ. ಕಲಾವಿದನಿಗೂ ಹೊಟ್ಟೆಯಿದೆ. ಅವನಿಗೆ ಹಣ ಕೊಡಬೇಕಾದದ್ದು ನ್ಯಾಯ. ಅವನ ಹಾಡಿಗೆ ಟಿಕೆಟ್ ಕೊಂಡು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಟಿಕೆಟ್ ಕೊಂಡ ಮಾತ್ರಕ್ಕೆ ನನ್ನ ಪಾಲು ಸಂದಾಯವಾಯಿತು ಎಂಬ ಭಾವನೆಯೇ ನನ್ನನ್ನು ಕಾಡುವುದು.

ಈಗ ಕೇಲಿ ನಡೆಯುವುದು ಹೆಚ್ಚಾಗಿ ಊರಿನ ಸಭಾಭವನದಲ್ಲಿ. ಅಕಾರ್ಡಿಯನ್, ಪಿಟೀಲು, ಡ್ರಮ್ ಇರುತ್ತವೆ. ನಡುವೆ ಚಹಾ, ಸ್ಯಾಂಡ್‌ವಿಚ್, ಭವನದ ರಿಪೇರಿಗೆಂದು ಲಾಟರಿ ಚೀಟಿ. 'ಡ್ಯಾಷಿಂಗ್ ವೈಟ್ ಸಾರ್ಜೆಂಟ್' ಎಂಬ ಕುಣಿತದಲ್ಲಿ ಮೂವರು ಕೈ ಹಿಡಿದು ಇನ್ನು ಮೂವರ ಎದುರು ನಿಲ್ಲುತ್ತಾರೆ. ಒಂದು ಸುತ್ತು ಮುಗಿದೊಡನೆ ಅವರನ್ನು ದಾಟಿ ಮುಂದಿನ ಮೂವರ ಎದುರಿಗೆ ಹೋಗುತ್ತಾರೆ. ಅಜ್ಜಿ, ಶಾಲೆಯ ಹುಡುಗ, ನಿನ್ನೆ ಬೇಲಿಯ ವಿಷಯಕ್ಕೆ ಜಗಳವಾಡಿದ ನೆರೆಯವನು, ಎಲ್ಲರೂ ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ. ಮುಖ ತಿರುಗಿಸಲು ಬಿಡುವಿಲ್ಲ, ತಾಳ ಓಡುತ್ತಿರುತ್ತದೆ.

ಪಿಟೀಲು ಮಾರಿಸಿದ ಎಗ್ ದ್ವೀಪದ ಕಥೆ ಮುಂದೇನಾಯಿತು? ಆ ದ್ವೀಪ ಬಹುಕಾಲ ಒಬ್ಬರಾದ ಮೇಲೊಬ್ಬರು ಶ್ರೀಮಂತರ ಖಾಸಗಿ ಸ್ವತ್ತಾಗಿತ್ತು. 1997ರಲ್ಲಿ ಅಲ್ಲಿದ್ದ ಅರವತ್ತು ಚಿಲ್ಲರೆ ಜನ ಒಂದು ಟ್ರಸ್ಟ್ ಕಟ್ಟಿ, ಊರೂರಿನಿಂದ ಬಂದ ದೇಣಿಗೆಯ ನೆರವಿನಿಂದ ಸುಮಾರು 15 ಲಕ್ಷ ಪೌಂಡಿಗೆ ದ್ವೀಪವನ್ನೇ ಕೊಂಡುಕೊಂಡರು. ಆ ಜೂನ್ ತಿಂಗಳಿನಲ್ಲಿ ಅವರು ಅದನ್ನು ಆಚರಿಸಿದ್ದು ಕೇಲಿಯಿಂದ. ಆ ನೆನಪಿಗೆ ಆಮೇಲೂ ಜೂನ್ ಬಂದರೆ ಅಲ್ಲಿ ಕೇಲಿ ಸೇರುತ್ತಾರೆ. ಮುದುಕನ ಮಟ್ಟುಗಳು ಮರಳಿ ಬರಲಾರವು. ಪಿಟೀಲು ಮಾತ್ರ ಮತ್ತೆ ಬಂತು.

ಓದುಗರೇ, ಇದನ್ನು ಬರೆಯುತ್ತ ಕುಳಿತಾಗ ಆ ಯಜಮಾನ ನನ್ನ ಕಡೆಯೂ ತಿರುಗಿದನೆಂದು ಎಣಿಸಿಕೊಂಡೆ. ನನ್ನ ಬಳಿ ಏನಿದೆ? ಅಮ್ಮ ನಮ್ಮನ್ನು ಮಲಗಿಸುವಾಗ ಹಾಡುತ್ತಿದ್ದ ಒಂದು ಲಾಲಿ ನೆನಪಾಯಿತು. ಬಾಯಲ್ಲಿ ಹೇಳಿ ನೋಡಿದೆ. ಎರಡು ಸಾಲು ಬಂತು, ಮೂರನೆಯದು ಬರಲಿಲ್ಲ. ಅಮ್ಮ ಈಗಿಲ್ಲ. ಅಕ್ಕನಿಗೆ ಗೊತ್ತಿರಬಹುದು. ಅವಳ ದನಿ ನನ್ನದಕ್ಕಿಂತಲೂ ಕೆಟ್ಟದ್ದು, ಕೇಳಿದರೆ "ಅಯ್ಯೋ, ನನಗೆ ಬರುವುದಿಲ್ಲ" ಎನ್ನುವವಳೇ. ಆದರೂ ಈ ಭಾನುವಾರ ಫೋನ್ ಮಾಡಿ ಕೇಳುತ್ತೇನೆ.